ಮರವಂತೆಗೆ, ಒಬ್ಬಳೇ

ಕುಲಶೇಖರ ಬಿಟ್ಟಾಗ ಆರೂಕಾಲು.
ಆರಕ್ಕೇ ಅಂದುಕೊಂಡದ್ದು; ರಿಯೋನನ ಒಂದು ಚಪ್ಪಲಿ
ಮಂಚದಡಿ ಸೇರಿ ಹದಿನೈದು ನಿಮಿಷ ತಿಂದಿತು.
ಎಡಗಡೆ ಸೀಟಲ್ಲಿ ತಿಂಡಿಚೀಲ.
ಅದಕ್ಕೂ ಬೆಲ್ಟು ಹಾಕಿದ್ದೇನೆ, ಇಲ್ಲದಿದ್ದರೆ ಕಾರು ಕುಂಯ್‌ಕುಂಯ್ ಅಳುತ್ತದೆ.
ಅಳುವುದಕ್ಕೆ ಹಿಂದೆ ಇಬ್ಬರಿದ್ದಾರೆ, ಸಾಕು.

ಗೇಟಿನ ಬಳಿ ಅಮ್ಮ, ಬೆರಳಿಗೆ ಜಪಸರ ಸುತ್ತಿಕೊಂಡು:
"ಎಕ್ಲಿಚ್?"
ಒಂದೇ ಪದ. ಅಮ್ಮನ ಕೊಂಕಣಿಯಲ್ಲಿ ಅದು
ಪ್ರಶ್ನೆಯೂ ಹೌದು, ತೀರ್ಪೂ ಹೌದು.
ಜೆನಿಶಾ ಕಿಟಕಿಯಿಂದ ಮೂರು ಬೆರಳು ತೋರಿಸಿದಳು.
ಏಳು ವರ್ಷ; ಲೆಕ್ಕ ತಪ್ಪಿದರೆ ಸಹಿಸುವುದಿಲ್ಲ.

ಕೂಳೂರು ಸಂಕ. ಕೆಳಗೆ ಹೊಳೆ ಇನ್ನೂ ಎದ್ದಿರಲಿಲ್ಲ.
ಬೈಕಂಪಾಡಿಯಲ್ಲಿ ಟ್ಯಾಂಕರುಗಳ ಸಾಲು, ನಡುವೆ ನನ್ನ ಪುಟ್ಟ ಕಾರು
ಆನೆಗಳ ಮದುವೆಗೆ ಬಂದ ಇಲಿ.
ಹಾಗೆಂದದ್ದು ನಾನಲ್ಲ, ಜೆನಿಶಾ.
ನಾನು ಉಸಿರಾಡುವುದನ್ನು ಮರೆತಿದ್ದೆ.
ಲೈಸೆನ್ಸಿಗೆ ನಾಲ್ಕು ತಿಂಗಳು; ಅದರ ಫೋಟೋದಲ್ಲೂ ಹೆದರಿದ್ದೇನೆ.

ಮುಕ್ಕದಲ್ಲಿ ಮೊದಲ ಸಲ "ಬಂತಾ?"
ಮೂಲ್ಕಿಯಲ್ಲಿ ಏಳನೇ ಸಲ.
ಹೆಜಮಾಡಿ ಟೋಲಿನ ಕಣ್ಣಿಗೆ ನನ್ನ ಫಾಸ್ಟ್ಯಾಗ್ ಕಾಣಲಿಲ್ಲ.
ಕೈಯಂತ್ರ ಹಿಡಿದು ಬಂದ ಹುಡುಗ ಒಳಗೆ ಬಗ್ಗಿ ನೋಡಿ,
"ಮೇಡಂ, ಒಬ್ರೇನಾ?"
ಹಿಂದಿನಿಂದ ಕಿಡಿ: "ನಾವು ಲೆಕ್ಕಕ್ಕಿಲ್ವಾ?"
ಅವನು ನಕ್ಕ. ಗೇಟು ಎದ್ದಿತು.
ಎದ್ದದ್ದೇ ತಡ, ರಿಯೋನ್ ವಾಂತಿ ಮಾಡಿದ:
ಹಾಲು, ಬಾಳೆಹಣ್ಣು, ಒಂದು ಚೂರು ಕೆಂಪು ಕ್ರೇಯಾನ್.

ಉಚ್ಚಿಲದ ಬಂಕು.
ಮಕ್ಕಳನ್ನು ಕಟ್ಟಿಕೊಂಡು ಒಬ್ಬಳೇ ಹೊರಟವಳು
ಮೂತ್ರಕ್ಕೆ ಹೋಗುವುದು ಹೇಗೆಂದು
ಯಾವ ನಕ್ಷೆಯಲ್ಲೂ ಬರೆದಿಲ್ಲ.
ಒಬ್ಬನನ್ನು ಸೊಂಟಕ್ಕೇರಿಸಿ, ಒಬ್ಬಳ ಮುಷ್ಟಿಗೆ ದುಪಟ್ಟದ ತುದಿ ತುರುಕಿ,
ಚಿಲಕವಿಲ್ಲದ ಬಾಗಿಲನ್ನು ಕಾಲಲ್ಲಿ ಒತ್ತಿ ನೋಡುತ್ತಿದ್ದೆ.
ಪೆಟ್ರೋಲು ಹಾಕುತ್ತಿದ್ದ ನೀಲಿ ಅಂಗಿಯ ಹೆಂಗಸು
ಪೈಪು ಸಿಕ್ಕಿಸಿ ಬಂದು,
"ಒರ್ತಿಯೇನಾ? ಬಾಲೆನ್ ಕೊರ್ಲೆ" ಅಂದಳು.
ಉತ್ತರಕ್ಕೆ ಕಾಯಲಿಲ್ಲ. ತುಳುವಿನಲ್ಲಿ
ಅದು ಪ್ರಶ್ನೆಯೇ ಅಲ್ಲವೇನೋ. ಚಾಚಿದ ಎರಡು ಕೈ, ಅಷ್ಟೆ.

ಹೊರಬಂದಾಗ, ಹುಳಿ ವಾಸನೆಯ ನನ್ನ ಮಗ
ಪೆಟ್ರೋಲು ವಾಸನೆಯ ಅವಳ ಹೆಗಲಿನಿಂದ
ಮೀಟರಿನ ಅಂಕಿ ಓಡುವುದನ್ನು ನೋಡುತ್ತ ನೆಮ್ಮದಿಯಾಗಿದ್ದ.
ಹೆಸರು ಕೇಳಿದೆ. ವಾರಿಜ.
ಅಂಗಿಯ ಮೇಲಿದ್ದದ್ದು ಬೇರೆ ಹೆಸರು.
ರಜೆ ಹಾಕಿದವಳ ಅಂಗಿಯಂತೆ.

ಕಾಪುವಿನ ದೀಪಸ್ತಂಭ ತೋರಿಸುತ್ತೇನೆಂದಿದ್ದೆ.
ಬಿಸ್ಕತ್ತಿನ ಜಗಳ ಬಿಡಿಸುವಷ್ಟರಲ್ಲಿ ತಿರುವು ಹಿಂದಾಗಿತ್ತು.
ಉಡುಪಿಯಲ್ಲಿ ಇಬ್ಬರಿಗೂ ಒಂದೇ ಕಿಟಕಿ ಬೇಕು,
ಬ್ರಹ್ಮಾವರದಲ್ಲಿ ಯಾರಿಗೂ ಏನೂ ಬೇಡ.
ಕೋಟ ದಾಟುವಾಗ ಹಿಂದೆ ಸದ್ದಿಲ್ಲ.
ಗಲಾಟೆಗಿಂತ ಹೆಚ್ಚು ಹೆದರಿ ಕನ್ನಡಿ ತಿರುಗಿಸಿದೆ:
ಎರಡು ಬಾಯಿ ತೆರೆದಿದ್ದವು,
ಎರಡು ಕತ್ತು ಒಂದೇ ಕಡೆಗೆ ವಾಲಿದ್ದವು.

ಮರವಂತೆ.
ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ, ನಡುವೆ ದಾರಿ.
ಇದನ್ನು ತೋರಿಸಲೆಂದೇ ನೂರಾ ಹತ್ತು ಕಿಲೋಮೀಟರು.
ಎಬ್ಬಿಸಲಿಲ್ಲ.

ಬದಿಗೆ ನಿಲ್ಲಿಸಿ, ಗಾಜು ಇಳಿಸಿ,
ತಿಂಡಿಚೀಲದ ಬೆಲ್ಟು ಬಿಚ್ಚಿ ತೊಡೆಗೆಳೆದುಕೊಂಡು
ತಣ್ಣಗಾದ ಬನ್ಸೊಂದನ್ನು
ಯಾರಿಗೂ ಮುರಿದು ಕೊಡದೆ, ಇಡೀ, ನಾನೇ ತಿಂದೆ.
ಏಳು ವರ್ಷಗಳಲ್ಲಿ ಮೊದಲ ಸಲ.
ಹನ್ನೊಂದು ನಿಮಿಷ.
ಮೂರು ಭಾಷೆಯಲ್ಲಿ ಕೇಳಿದಿರಲ್ಲ,
ಹೌದು. ಈಗ.

ಮೀನಿನ ಲಾರಿಯೊಂದು ಹಾರ್ನ್ ಬಾರಿಸಿ ಹೋಯಿತು.
ರಿಯೋನ್ ಕಣ್ಣುಜ್ಜಿಕೊಂಡು, ತನ್ನ ಬದಿಯ ಕಿಟಕಿಯಲ್ಲಿ
ಅಲೆಯಿಲ್ಲದ ನದಿಯನ್ನು ಕಂಡು
"ಸಮುದ್ರ ಮಲಗಿದೆ" ಎಂದ, ಗುಟ್ಟಿನಂತೆ.
ಇನ್ನೊಂದು ಬದಿಯಲ್ಲಿ ಕಡಲು ಬೊಬ್ಬೆ ಹೊಡೆಯುತ್ತಲೇ ಇತ್ತು.
ಎಬ್ಬಿಸಬೇಡ, ಎಂದೆ.